ಕರುಗಲ್ಲಿನ ವಯಸ್ಸು

ಪ್ರೊಫೆಸರ್ ರೇಣುಕಪ್ರಸಾದರು ಗುಡ್ಡ ಹತ್ತಿದವರಲ್ಲ. ಮೂವತ್ತು ವರ್ಷ ಕಲ್ಲಿನ ಪಾಠ ಹೇಳಿದ ಆ ಮಹಾನುಭಾವರ ಬೂಟಿಗೆ ಮಣ್ಣು ಮೆತ್ತಿದ್ದನ್ನು ಕಂಡವರಿಲ್ಲ. ಉಬ್ರಾಣಿ ಸೀಮೆಯ ಗುಡ್ಡವನ್ನು ಹನ್ನೊಂದು ಸಲ ಹತ್ತಿ, ತವರದ ಅದಿರಿನ ಕಲ್ಲು ಹೊತ್ತು ತಂದವಳು ಅವರ ಶಿಷ್ಯೆ ಸುಧಾ.

ಭೂಮಿಯೊಳಗಿನ ಬಿಸಿನೀರು ಬಂಡೆಯ ಬಿರುಕಿಗೆ ನುಗ್ಗಿ ತವರ ಬಿಟ್ಟುಹೋಗುವಾಗ ಪಕ್ಕದಲ್ಲೇ ಕಾಗೆಬಂಗಾರ, ಅಂದರೆ ಅಭ್ರಕವೂ ಕಟ್ಟಿಕೊಳ್ಳುತ್ತದೆ. ಅದರ ವಯಸ್ಸು ಅಳೆದರೆ ತವರದ ವಯಸ್ಸು ಸಿಕ್ಕಂತೆ. ಸುಧಾಳ ಹನ್ನೊಂದು ಕಲ್ಲೂ ಇನ್ನೂರು ಕೋಟಿ ವರ್ಷ ಅಂದವು. ಪ್ರೊಫೆಸರ್ ಎಲ್ಲೋ ಕಾರಿನಿಂದಿಳಿದು ಕುಟ್ಟಿಕೊಂಡ ಒಂದೇ ಒಂದು ಚಕ್ಕೆ ಇನ್ನೂರೈವತ್ತು ಅಂದಿತ್ತು. ಅದನ್ನೇ ನಂಬಿ ಲೇಖನ ಅಚ್ಚು ಹಾಕಿಸಿ, ಶಾಲು ಹೊದಿಸಿಕೊಂಡೂ ಆಗಿತ್ತು.

"ನಿನ್ನ ಅಂಕಿ ತಿದ್ದು. ಇಲ್ಲಾ ಪಿಎಚ್‌.ಡಿ. ಮರೆತುಬಿಡು," ಎಂದಿದ್ದರು. ಐದು ವರ್ಷದ ದುಡಿಮೆ! ಥೂ, ಇವನೂ ಒಬ್ಬ ಗುರುವೇ ಎಂದು ಸುಧಾಳಿಗೆ ಮೈಯೆಲ್ಲ ಉರಿದಿತ್ತು. ತಿದ್ದಿರಲಿಲ್ಲ.

ಯಾರ ಅಂಕಿ ಸರಿ ಎಂದು ಜಾಗ ನೋಡಿಯೇ ತೀರ್ಮಾನಿಸುತ್ತೇನೆ ಎಂದು ಹೊರಗಿನ ಪರೀಕ್ಷಕರು ಬಂದರು. ಅವರನ್ನೂ ಸುಧಾಳನ್ನೂ ಪ್ರೊಫೆಸರ್ ಗುಡ್ಡದ ಬುಡದ ಹಳ್ಳಿಯ ಊರಬಾಗಿಲಿಗೆ ಕರೆದೊಯ್ದು, ಅರಿಶಿನ ಕುಂಕುಮ ಮೆತ್ತಿದ ಮೊಣಕಾಲೆತ್ತರದ ಕಲ್ಲು ತೋರಿಸಿದರು.

"ನನ್ನ ಕೈಯಾರೆ ಕುಟ್ಟಿದ್ದು ಸರ್. ಕುಂಕುಮ ಬಿಡಿ, ಈ ಜನ ಕಂಡ ಬಂಡೆಗೆಲ್ಲ ಬಳೀತಾರೆ."

ಊರು ಕಟ್ಟುವಾಗ ನೆಡುವ ಕರುಗಲ್ಲು ಅದು! ಸುಧಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಮುದುಕಿ ದೊಡ್ಡಕ್ಕ ಕೋಲೆತ್ತಿಕೊಂಡು ನುಗ್ಗಿದಳು.

"ಓಹೋ, ನೀನೇನಾ ಕರುಗಲ್ಲು ಒಡ್ದೋನು? ಜಗಳೂರು ಕಡೆಯಿಂದ ಊರು ಬಿಟ್ಟು ಬರುವಾಗ ನಮ್ಮ ಹಿರೇರು ಗಾಡಿ ಮ್ಯಾಲೆ ಹೇರ್ಕೊಂಡು ಬಂದ ಕಲ್ಲೈತೆ ಇದು! ಕಣ್ಣು ಸೀದೋಗಿತ್ತಾ?"

ಪರೀಕ್ಷಕರು ನಿಧಾನವಾಗಿ ತಿರುಗಿದರು. "ಅಂದರೆ ಇದು ಈ ಗುಡ್ಡದ ಕಲ್ಲೇ ಅಲ್ಲ?"

ಪ್ರೊಫೆಸರ್ ಮುಖ ಹುಳ್ಳಗಾಯಿತು. "ಅದು... ಈ ಹುಡುಗಿ ತಂದುಕೊಟ್ಟಿದ್ದು ಸರ್."

"ಸುತ್ತಿಗೆ ಹಿಡಿಯೋಕಂತೂ ಬರಲಿಲ್ಲ, ಸುಳ್ಳು ಹೇಳೋಕಾದ್ರೂ ಕಲೀಬಾರದಿತ್ತಾ ಸರ್?" ಎಂದಳು ಸುಧಾ. ಐದು ವರ್ಷ ನುಂಗಿಕೊಂಡಿದ್ದು ಒಂದೇ ಉಸಿರಿಗೆ ಹೊರಬಂತು.

"ಕುಟ್ಟಿದೋರು ತಲೆ ಮ್ಯಾಲೆ ನೀರು ಹಾಕ್ಕೊಂಡು, ಒದ್ದೆ ಬಟ್ಟೇಲಿ ತಪ್ಪಾಯ್ತು ಅಂತ ಕಾಯಿ ಒಡೀಬೇಕು. ಹ್ಞೂಂ, ಕೂಡ್ರು," ಎಂದಳು ದೊಡ್ಡಕ್ಕ. ಜನ ಸೇರಿದ್ದರು. ಬಿಂದಿಗೆಯೂ ಬಂತು, ಪ್ರೊಫೆಸರರ ಸೂಟಿನ ಮೇಲೆ ನೀರೂ ಬಿತ್ತು.

"ನಿಮ್ಮ ಅಂಕಿ ಹಾಗೇ ಇರಲಿ, ಪದವಿಗೆ ಶಿಫಾರಸು ಬರೆಯುತ್ತೇನೆ," ಎಂದರು ಪರೀಕ್ಷಕರು ಸುಧಾಳಿಗೆ. "ಈಗ ನಿಮ್ಮ ಹನ್ನೊಂದು ಜಾಗ ತೋರಿಸಿ."

ಸುಧಾ ಗುಡ್ಡದ ಕಡೆ ಹೊರಟಳು. "ಸುಧಾ, ತಡಿ, ನಾನೂ ಬರ್ತೀನಿ," ಎಂದು ನಡುಗುತ್ತಾ ಕೂಗಿದರು ರೇಣುಕಪ್ರಸಾದರು.

"ಬೇಡ ಸರ್," ಎಂದಳು ಆಕೆ, ತಿರುಗಿಯೂ ನೋಡದೆ. "ನಿಮ್ಮ ಸ್ಯಾಂಪಲ್‌ಗೆ ಇನ್ನೂ ಮಂಗಳಾರತಿ ಆಗಿಲ್ಲ."