ನಾಲ್ಕು ಬಿತ್ತು

ತಾಂಡ್ಯದ ಆ ಸಣ್ಣ ಕಾರ್ಖಾನೆಯಲ್ಲಿ ಹೋಟೆಲುಗಳ ಅಲಂಕಾರಕ್ಕೆಂದು ಹಳೆಯ ಗ್ರೀಕ್ ಹೂಜಿಗಳ ನಕಲು ಮಾಡುತ್ತಿದ್ದರು. ಕವನಳ ಪಾಲಿಗೆ ಬಂದದ್ದು ಇಬ್ಬರು ವೀರರ ಚಿತ್ರ. ಈಟಿ ಹೆಗಲಿಗೊರಗಿಸಿ, ನಡುವಿನ ದಿಮ್ಮಿಯ ಮೇಲೆ ಬಗ್ಗಿ, ಯುದ್ಧದ ನಡುವೆ ದಾಳ ಆಡುತ್ತಿರುವವರು. ಚೌಕಾಬಾರದ ಅಣ್ಣತಮ್ಮಂದಿರು ಎಂದು ಹೆಸರಿಟ್ಟವಳು ಅವಳೇ. ಊಟದ ಹೊತ್ತಿನಲ್ಲಿ ನೆಲಕ್ಕೆ ಸೀಮೆಸುಣ್ಣದ ಮನೆ ಬರೆದು, ಜೊತೆಗಾತಿ ಇಂದ್ರಾಣಿಯನ್ನು ಆಟಕ್ಕೆ ಕೂರಿಸಿದವಳೂ ಅವಳೇ.

ಮೊನ್ನೆ ಹೂಜಿ ಸುಡುವ ಭಟ್ಟಿಯ ಬೆಟ್ಟಸ್ವಾಮಿ ಊಟಕ್ಕೆ ಹೋಗುವಾಗ, ಶಾಖ ತೋರಿಸುವ ಮುಳ್ಳು ಕೆಂಪು ಗೆರೆಗೆ ಬಂದರೆ ಗ್ಯಾಸ್ ಬಂದ್ ಮಾಡು ಎಂದು ಅವಳಿಗೆ ಹೇಳಿ ಹೋಗಿದ್ದ. ಆಗ ಅವಳ ಕೊನೆಯ ಕಾಯಿ ಹಣ್ಣಾಗುವುದಿತ್ತು. ಇಂದ್ರಾಣಿಯ ಎದುರು ಅವಳು ಎಂದೂ ಗೆದ್ದಿರಲಿಲ್ಲ. ಹುಣಸೆ ಬೀಜ ಎಸೆದಳು. ನಾಲ್ಕೂ ಬಿಳಿ. ನಾಲ್ಕು ಬಿದ್ದವರಿಗೆ ಮತ್ತೊಂದು ಸಲ ಎಸೆಯುವ ಹಕ್ಕು. ತಲೆ ಎತ್ತಿದರೆ ಮುಳ್ಳು ಗೆರೆಯ ಮೇಲೇ ಇತ್ತು. ಎಸೆದೇ ಏಳೋಣ ಎಂದುಕೊಂಡಳು. ಮತ್ತೆ ನಾಲ್ಕು. ಕಿರುಚಿಯೇಬಿಟ್ಟಳು.

ಭಟ್ಟಿ ಆರಿ ನಿನ್ನೆ ತೆರೆದಾಗ ವೀರರ ಕಪ್ಪು ಮುಖಗಳು ಕರಗಿ ಹೂಜಿಗಳ ಹೊಟ್ಟೆಗೆ ಇಳಿದಿದ್ದವು. ಒಡತಿ ನಂದಿತಾ, ಭಟ್ಟಿ ಯಾರು ನೋಡಿಕೊಳ್ಳುತ್ತಿದ್ದದ್ದು ಎಂದು ಕೇಳಿದಳು. ಕವನ ಬಾಯಿ ತೆರೆಯುವಷ್ಟರಲ್ಲಿ, ತಪ್ಪು ತನ್ನದೇ ಎಂದ ಬೆಟ್ಟಸ್ವಾಮಿ. ಅವಳು ತೆರೆದ ಬಾಯಿ ಮುಚ್ಚಿಕೊಂಡಳು. ನಾಳೆಯಿಂದ ಬರುವುದು ಬೇಡ ಎಂದು ಅವನಿಗೆ ಹೇಳಿದ್ದಾಯಿತು.

ಇವತ್ತು ನಂದಿತಾ ಹೊಸ ಹೂಜಿ ತಂದಿಟ್ಟು, ವೀರರ ಬಾಯಿಯ ಬಳಿಯ ಅಕ್ಷರಗಳನ್ನು ಬಿಡಬೇಡ ಎಂದಳು. ಕವನ ಅವನ್ನು ಬರೀ ಬಳ್ಳಿಯೆಂದುಕೊಂಡಿದ್ದಳು. ಅವು ದಾಳದಲ್ಲಿ ತಮಗೆ ಬಿದ್ದದ್ದನ್ನು ವೀರರು ಹೇಳುವ ಮಾತಂತೆ. ಒಬ್ಬ ನಾಲ್ಕು ಅನ್ನುತ್ತಿದ್ದಾನೆ, ಇನ್ನೊಬ್ಬ ಮೂರು. ಆಟದಲ್ಲಿ ಮುಳುಗಿ ಶತ್ರು ಬಂದದ್ದನ್ನೂ ಅವರು ನೋಡಲಿಲ್ಲ ಎಂದು ಕೆಲವರು ಹೇಳುತ್ತಾರಂತೆ.

ನೋಡಿದ್ದರು, ಎಂದುಕೊಂಡಳು ಕವನ. ಮುಖ ಪಕ್ಕಕ್ಕೆ ತಿರುಗಿದ್ದರೂ ಈ ಚಿತ್ರಗಳಲ್ಲಿ ಕಣ್ಣು ಮಾತ್ರ ಪೂರ್ತಿ ತೆರೆದು ನಮ್ಮ ಕಡೆಗೇ ಇರುತ್ತದೆ. ಎಷ್ಟೋ ಸಲ ಬರೆದಿದ್ದ ಆ ಕಣ್ಣಿಗೆ ಇವತ್ತು ಕೈ ಏಳಲಿಲ್ಲ.

ಮಧ್ಯಾಹ್ನ ಬೆಟ್ಟಸ್ವಾಮಿ ತನ್ನ ಟವೆಲು, ಡಬ್ಬಿ ಒಯ್ಯಲು ಬಂದ. ಕವನ ಅವನ ಹಿಂದೆಯೇ ಹೋಗಿ ನಿಂತಳು.

"ಸ್ವಾಮಣ್ಣ, ಮುಳ್ಳು ನಾನ್ ನೋಡ್ದೆ. ನೋಡ್ಬುಟ್ಟೂ ಏಳ್ನಿಲ್ಲ."

ಅವನು ಡಬ್ಬಿಯ ಮುಚ್ಚಳ ಒತ್ತಿದ. "ಗೊತ್ತು ಕಣವ್ವ. ನೀನ್ ಕಿರ್ಚಿದ್ದು ಗೇಟ್‌ಗಂಟ ಕೇಳುಸ್ತು. ಭಟ್ಟಿ ಬುಟ್ಟೋಗಿದ್ದು ನಾನಲ್ವಾ." ಟವೆಲು ಕೈಗೆ ತೆಗೆದುಕೊಂಡು ಕೇಳಿದ. "ಗೆದ್ಯಾ?"

"ಊಂ."

"ಓಗ್ಲಿ ಬುಡು. ಆ ಇಂದ್ರಾಣಿ ಸೊಕ್ಕಾದ್ರೂ ಮುರೀತು."

ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ನಂಜನಗೂಡಿನ ಬಸ್ಸಿಗೆ ನಡೆದ.

ಅವನು ಬೈದಿದ್ದರೆ ಅವಳು ವಾಪಸು ಹೋಗಿ ಕೂತುಬಿಡುತ್ತಿದ್ದಳೇನೋ. ಕುಂಚ ಕೈಯಲ್ಲಿರುವಂತೆಯೇ ನಂದಿತಾಳ ಕೋಣೆಯ ಬಾಗಿಲು ತಳ್ಳಿದಳು.

"ಮೇಡಂ," ಎಂದಳು, "ಭಟ್ಟಿ ನಾನ್ ನೋಡ್ಕೋಬೇಕಿತ್ತು. ನಂಗೆ ನಾಲ್ಕು ಬಿದ್ದಿತ್ತು."