ಕೆಂಪಿಗೆ ಹಾಕಿದ ಬೂಸ್ಟು ಜೋಳ

ನನ್ನ ಹೆಸರು ಮಂಚಮ್ಮ. ಹುಲ್ಲಹಳ್ಳಿ ಪಕ್ಕದ ಊರು. ಸಂಘದ ಅಕ್ಕತಂಗಿಯರೇ, ಇದನ್ನು ಹೇಳಲು ನನಗೆ ನಾಚಿಕೆ. ಆದರೂ ಹೇಳುತ್ತೇನೆ. ನಿಮ್ಮ ಹಿತ್ತಿಲಲ್ಲೂ ಕೋಳಿಗಳಿವೆ, ಮನೆಯ ಮೂಲೆಯಲ್ಲಿ ನನ್ನ ಹಾಗೆ ನೀವೂ ಒಂದು ಚೀಲ ಇಟ್ಟುಕೊಂಡಿರಬಹುದು.

ಮಗಳು ರಾಣಿಯನ್ನು ನರಸೀಪುರಕ್ಕೆ ಕೊಟ್ಟಿದ್ದೇವೆ. ಚೊಚ್ಚಲ ಬಸುರಿ. ಸಂಕ್ರಾಂತಿಗೆ ಮುಂಚೆ ಹೆರಿಗೆಗೆಂದು ತವರಿಗೆ ಬರುವವಳಿದ್ದಳು. ಬಾಣಂತಿಗೆ ಮೊಟ್ಟೆ, ನಾಟಿಕೋಳಿ ಸಾರು ನಮ್ಮ ಹಿತ್ತಿಲದ್ದೇ ಆಗಬೇಕೆಂದು ಆರು ಹೇಟೆ, ಹನ್ನೊಂದು ಮರಿ ಸಾಕಿದ್ದೆ. ಗಂಡ ಸಿದ್ದಯ್ಯ ಹಬ್ಬಕ್ಕೊಂದು ಕೇಳಿದರೂ ಮುಟ್ಟಲು ಬಿಟ್ಟಿರಲಿಲ್ಲ. ಅದರಲ್ಲಿ ಕೆಂಪಿ ಎನ್ನುವ ಹೇಟೆಯನ್ನು ರಾಣಿಯೇ ಮದುವೆಗೆ ಮುಂಚೆ ಕೈಯಾರೆ ಸಾಕಿದ್ದಳು. "ಅವ್ವಾ, ಎಲ್ಲಾನೂ ಕುಯ್ದ್ರೂ ಕೆಂಪೀನ ಮಾತ್ರ ಮುಟ್ಬ್ಯಾಡ," ಎಂದು ಫೋನಿನಲ್ಲೂ ಹೇಳುತ್ತಿದ್ದಳು.

ಮಾರ್ಗಶಿರದ ಚಳಿ ಬಂತು. ಮೊಟ್ಟೆ ನಿಂತಿತು. ಬಿಸಿಲೇರುವ ತನಕ ಕೋಳಿಗಳು ಪುಕ್ಕ ಕೆದರಿಕೊಂಡು ಗೋಡೆ ಬುಡದಲ್ಲಿ ಮುದುರಿ ನಿಲ್ಲುತ್ತಿದ್ದವು. ಮನೆಮನೆಗೆ ಬಂದು ದನ, ಕುರಿ, ಕೋಳಿ ವಿಚಾರ ಹೇಳುವ ನಮ್ಮ ಪಶುಸಖಿ ಪುಟ್ಟಲಕ್ಷ್ಮಿ ಒಂದು ಸಂಜೆ ಬಂದು, ಕೆಂಪಿಯ ಕೊರಳ ಕೆಳಗೆ ಕಾಳು ನಿಲ್ಲುವ ಜಾಗ ಮುಟ್ಟಿ ನೋಡಿದಳು.

"ಮಂಚಕ್ಕ, ಗೂಡು ಸೇರೋ ವೊತ್ಗೆ ಇದು ತುಂಬಿರ್ಬೇಕು. ಖಾಲಿ ಐತೆ. ಒಟ್ಟೇಲಿ ಕಾಳಿದ್ರೇ ಚಳೀಲಿ ಮೈ ಬೆಚ್ಚಗಿರೋದು ಕಣಕ್ಕ."

"ಓಗವ್ವ ಓಗು. ಗದ್ದೆ ಕುಯ್ಲು ಮುಗ್ದದೆ. ಕಣದಲ್ಲಿ ಬಿದ್ದಿರೋ ಭತ್ತ ಸಾಲ್ದಾ?"

"ಕಣ ಎಲ್ಲೈತಕ್ಕ ಈಗ? ಮಿಷನ್ನು ಕುಯ್ತು, ಟ್ರಾಕ್ಟರು ತುಂಬ್ಕೊಂಡೋಯ್ತು. ಚಳೀಲಿ ಉಳ ಉಪ್ಪಟೇನೂ ಕಮ್ಮಿ. ಸಂಜೆ ಕೋಳಿಗೊಂದಿಡಿ ರಾಗಿನೋ ನುಚ್ಚೋ ಆಕು. ಬೆಳಗ್ಗೆ ಉಗುರುಬೆಚ್ಚಗೆ ನೀರಿಡು. ಒಸಿ ಸೊಪ್ಪು ಎಸಿ. ಗೂಡಿಗೆ ಒಣ ಭತ್ತದೊಟ್ಟು ಅರವು."

ಹೊರಡುವಾಗ ಅವಳ ಕಣ್ಣು ಜಗಲಿ ಮೂಲೆಯ ಚೀಲದ ಮೇಲೆ ಬಿತ್ತು. ಮುಸುಕಿನ ಜೋಳ. ದೀಪಾವಳಿ ಮಳೆಗೆ ನೆನೆದು ಹಸಿರು ಬೂಸ್ಟು ಹಿಡಿದಿತ್ತು.

"ಇದನ್ನ ಮಾತ್ರ ಆಕ್ಬ್ಯಾಡಕ್ಕ. ಬೂಸ್ಟು ಅಂದ್ರೆ ವಿಸ. ತೊಳುದ್ರೂ ಓಗಲ್ಲ, ಒಣಗ್ಸುದ್ರೂ ಓಗಲ್ಲ."

"ತಿಪ್ಪೆ ಕೆದಕಿ ತಿನ್ನೋ ಜಾತಿಗೆ ವಿಸವಂತೆ! ಮೊನ್ನೆ ಟ್ರೈನಿಂಗ್ ಮುಗಿಸ್ಕಂಡು ಬಂದು ನಂಗೇ ಕೋಳಿ ಸಾಕದು ಕಲಿಸ್ತೀಯಾ?" ಎಂದೆ. ಪಾಪ, ಮುಖ ಸಣ್ಣಗೆ ಮಾಡಿಕೊಂಡು ಹೋದಳು.

ಅವಳು ಹೇಳಿದ್ದರಲ್ಲಿ ಅರ್ಧ ಕೇಳಿದೆ. ಸಂಜೆ ಕಾಳು ಹಾಕಲು ಶುರು ಮಾಡಿದೆ. ಆದರೆ ಒಳ್ಳೆ ರಾಗಿಯ ಡಬ್ಬಕ್ಕೆ ಕೈ ಹಾಕಲು ಮನಸ್ಸು ಬರಲಿಲ್ಲ. ಅದೇ ಜೋಳವನ್ನು ತೊಳೆದೆ, ಎರಡು ದಿನ ಬಿಸಿಲಿಗೆ ಹರವಿದೆ. ಬೂಸ್ಟೆಲ್ಲ ಉದುರಿ ಚೆನ್ನಾಗಿಯೇ ಕಂಡಿತು. ನುಚ್ಚು ಮಾಡಿ ಹಾಕಿದೆ. ಹಸಿದಿದ್ದವು, ಮುಗಿಬಿದ್ದು ತಿಂದವು. ಕೆಂಪಿ ನನ್ನ ಅಂಗೈಯಿಂದಲೇ ತಿಂದಿತು. 

ವಾರದೊಳಗೆ ಮರಿಗಳು ರೆಕ್ಕೆ ಜೋತುಬಿಟ್ಟು ಒಂದೊಂದಾಗಿ ಸತ್ತವು. ಆಮೇಲೆ ಹೇಟೆಗಳು. "ಕೊಕ್ಕರೆ ರೋಗ ಬಡ್ದದೆ ಕಣೆ. ಉಳ್ದಿರೋವ್ನಾದ್ರೂ ಕುಯ್ದು ತಿನ್ನನ," ಎಂದ ಸಿದ್ದಯ್ಯ. ಅಷ್ಟರಲ್ಲಿ ಪುಟ್ಟಲಕ್ಷ್ಮಿ ಓಡಿ ಬಂದು, ಸತ್ತ ಕೋಳಿಯೊಂದನ್ನು ಚೀಲದಲ್ಲಿ ಸುತ್ತಿ, ನಮ್ಮನ್ನೂ ಕರೆದುಕೊಂಡು ಪಶು ಆಸ್ಪತ್ರೆಗೆ ಹೋದಳು. ಡಾಕ್ಟರು ಕುಯ್ದು, ಹಳದಿಗೆ ತಿರುಗಿ ಊದಿದ್ದ ಈಲಿ, ಅಂದರೆ ಲಿವರ್, ತೋರಿಸಿದರು. ಯಾವ ಕಾಳು ಹಾಕಿದಿರಿ ಎಂದು ಕೇಳಿದರು. ಹೇಳಿದೆ. ರೋಗವಲ್ಲ, ಬೂಸ್ಟಿನ ವಿಷ ಎಂದರು. ಕಾಯಿಲೆ ಬಿದ್ದದ್ದನ್ನು, ಸತ್ತದ್ದನ್ನು ತಿನ್ನಬೇಡಿ, ಆಳಕ್ಕೆ ಹೂಳಿ ಎಂದರು. "ನಾನೇಳಿರ್ಲಿಲ್ವಾ" ಎಂದು ಪುಟ್ಟಲಕ್ಷ್ಮಿ ಅನ್ನಬಹುದಿತ್ತು. ಅವಳು ನಮ್ಮ ಜೊತೆಗೇ ಬಂದು ಹೂಳಲು ಕೈಹಾಕಿದಳು.

ಕೆಂಪಿ ಎಲ್ಲಕ್ಕಿಂತ ಕೊನೆಗೆ ಹೋಯಿತು. ಅದಾಗಿ ನಾಲ್ಕನೇ ದಿನ ರಾಣಿ ಬಂದಳು. ಬಸ್ಸಿಳಿದು ಬಂದವಳು ನೀರೂ ಕುಡಿಯದೆ, ಡಬ್ಬದಿಂದ ಒಂದು ಹಿಡಿ ರಾಗಿ ತೆಗೆದುಕೊಂಡು ಹಿತ್ತಿಲಿಗೆ ನಡೆದಳು. "ಬಾ ಬಾ ಬಾ," ಎಂದು ಕರೆದಳು. ಇನ್ನೊಮ್ಮೆ ಕರೆದಳು. ನಾನು ಬಾಗಿಲಲ್ಲೇ ನಿಂತಿದ್ದೆ.

"ಯಾವ್ ರೋಗ ಬಂತವ್ವಾ?"

"ರೋಗ ಅಲ್ಲ ಕಣವ್ವ. ನಾನೇ ಕೆಟ್ಟ ಕಾಳಾಕ್ದೆ."

ರಾಣಿ ಒಳಗೆ ಬಂದು ಆ ರಾಗಿಯನ್ನು ಮತ್ತೆ ಡಬ್ಬಕ್ಕೆ ಸುರಿದಳು.

ಈಗ ಮೊಮ್ಮಗಳು ಬಂದಿದ್ದಾಳೆ. ಬಾಣಂತಿಗೆ ಅಂಗಡಿ ಮೊಟ್ಟೆ. ಆ ಜೋಳವನ್ನು ಸಿದ್ದಯ್ಯನೇ ಗುಂಡಿ ತೋಡಿ ಹೂತ. ಪುಟ್ಟಲಕ್ಷ್ಮಿ ಎರಡು ಮರಿ ತಂದುಕೊಟ್ಟಿದ್ದಾಳೆ. ದಿನಾ ಸಂಜೆ ಅವಕ್ಕೆ ಒಳ್ಳೆ ಕಾಳು ಹಾಕಿ, ಕೊರಳು ಮುಟ್ಟಿ ನೋಡಿಯೇ ಸಿದ್ದಯ್ಯ ಗೂಡು ಮುಚ್ಚುವುದು. ಆದರೆ ಅವು ಮೊಟ್ಟೆಯಿಡುವ ಹೊತ್ತಿಗೆ ರಾಣಿ ನರಸೀಪುರಕ್ಕೆ ಹೋಗಿರುತ್ತಾಳೆ.

ಅಕ್ಕತಂಗಿಯರೇ, ಇವತ್ತೇ ಸಂಜೆ ನಿಮ್ಮ ಕಾಳಿನ ಚೀಲ ಬಿಚ್ಚಿ ನೋಡಿ. ಬೂಸ್ಟೋ ಮುಗ್ಗಲು ವಾಸನೆಯೋ ಇದ್ದರೆ ಕೋಳಿಗೂ ಬೇಡ, ದನಕ್ಕೂ ಬೇಡ, ಹೂತುಬಿಡಿ. ಚಳಿ ಮುಗಿಯುವ ತನಕ, ನೀವು ಉಣ್ಣುವ ಡಬ್ಬದಿಂದಲೇ ಕೋಳಿಗೆ ಒಂದು ಹಿಡಿ ತೆಗೆದು ಹಾಕಿ. ನಾನು ಆ ಒಂದು ಹಿಡಿ ರಾಗಿ ಉಳಿಸಿದೆ. ರಾಗಿ ಡಬ್ಬದಲ್ಲಿ ಉಳಿಯಿತು, ಕೋಳಿ ಒಂದೂ ಉಳಿಯಲಿಲ್ಲ.