ಬಿಳಿ ಕ್ಯಾನಿನ ಚೀಟಿ

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಸ್ಟೋರ್‌ಕೀಪರಿಗೆ ಹುಡುಗರು ಇಟ್ಟ ಹೆಸರು ಚೀಟಿ ಮಾವ. ಎದುರಿಗೆ ಸರ್, ಬೆನ್ನ ಹಿಂದೆ ಚೀಟಿ ಮಾವ. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ನಲ್ಲಿ ನೀರು ಹಿಡಿದಿಟ್ಟ ಬಾಟಲಿಗೂ ಚೀಟಿ ಅಂಟಿಸುವ ಮನುಷ್ಯ. ಚೀಟಿಗೆ ನಾಲ್ಕು ಸಾಲು: ಒಳಗೇನಿದೆ, ಎಷ್ಟು ಕಟು, ಯಾವ ದಿನ ತುಂಬಿದ್ದು, ತುಂಬಿದವರು ಯಾರು. ಅಪಾಯದ್ದಾದರೆ ಮೂಲೆಯಲ್ಲಿ ಕೆಂಪು ಪಟ್ಟಿ. ಆಸಿಡ್ಡು ಕೆಳಗಿನ ಕಪಾಟಿನಲ್ಲಿ, ಬೆಂಕಿ ಹತ್ತುವಂಥವು ಆಚೆ ಗೋಡೆಯ ಕಬ್ಬಿಣದ ಬೀರುವಿನಲ್ಲಿ. ಮುನಿಸಿಕೊಂಡ ಅತ್ತೆ ಸೊಸೆಯರಂತೆ ಅವು ಒಂದರ ಮುಖ ಒಂದು ನೋಡುವ ಹಾಗಿರಲಿಲ್ಲ.

ಚೀಟಿಯಿಲ್ಲದ ಬಾಟಲಿ ಸಿಕ್ಕಿತೋ, ತುಂಬಿದವರ ಹೆಸರು ಬಾಗಿಲ ಪಕ್ಕದ ಕಪ್ಪು ಹಲಗೆಗೆ ಏರುತ್ತಿತ್ತು. ಒಂದು ವಾರ ಅಳಿಸುವಂತಿಲ್ಲ. ಪಿಎಚ್‌ಡಿ ಮಾಡುವ ಹುಡುಗಿಯೊಬ್ಬಳು ಕಣ್ಣೀರು ಹಾಕಿ ಬೇಡಿಕೊಂಡರೂ ಮಾವ ಕರಗಿರಲಿಲ್ಲ.

ಆ ಮಂಗಳವಾರ ಲ್ಯಾಬು ಗುಡಿಸಿ ಒರೆಸುವ ಹೆಂಗಸು ಸ್ಟೋರಿನ ಕಿಟಕಿಗೆ ಬಂದಳು.

"ಅಣ್ಣಾ, ಸಿಂಕಿನ ಕಲೆ ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ. ಕಲೆ ಹಾಗೇ ಇದೆ, ನನ್ನ ಕೈ ಸವೀತಾ ಇದೆ."

"ತಡಿಯಮ್ಮ, ಒಂದು ಮದ್ದು ಕೊಡ್ತೀನಿ."

ಪ್ರಯೋಗ ಮುಗಿದು ಉಳಿದಿದ್ದ ಆಸಿಡನ್ನು ಖಾಲಿ ಬಿಳಿ ಕ್ಯಾನಿಗೆ ಸುರಿದರು. ಚೀಟಿಯ ಕಟ್ಟು ಜೇಬಿನಲ್ಲೇ ಇತ್ತು, ಪೆನ್ನೂ ಇತ್ತು. ಕೈ ಜೇಬಿನವರೆಗೆ ಹೋಯಿತು. ಓದಲು ಬಾರದವಳಿಗೆ ಚೀಟಿ ಯಾಕೆ ಎನಿಸಿ ಅಲ್ಲಿಂದಲೇ ವಾಪಸು ಬಂತು. "ಸ್ವಲ್ಪ ಸ್ವಲ್ಪ ಹಾಕು" ಎಂದಷ್ಟೇ ಹೇಳಿ ಕಳಿಸಿದರು.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಸಿಂಕಿಗೆ ಬ್ಲೀಚಿಂಗ್ ಪೌಡರ್ ಉದುರಿಸಿದಳು. ಅದರ ಮೇಲೆ ಬಿಳಿ ಕ್ಯಾನು ಬಗ್ಗಿಸಿದಳು. ಎರಡೂ ಸೇರಿ ಎದ್ದ ವಿಷದ ಗಾಳಿ ನೇರ ಅವಳ ಎದೆಗೆ ಹೋಯಿತು. ಕೆಮ್ಮಿ ಕೆಮ್ಮಿ ಕುಸಿದವಳನ್ನು ಹುಡುಗರು ಹೊತ್ತು ಹೊರಗೆ ತಂದು ಆಸ್ಪತ್ರೆಗೆ ಸೇರಿಸಿದರು.

ಗುರುವಾರ ವಿಭಾಗದ ಮುಖ್ಯಸ್ಥೆ ಮಾವನನ್ನು ಕರೆಸಿದರು. ಖಾಲಿ ಕ್ಯಾನು ಅವರ ಮೇಜಿನ ಕೆಳಗಿತ್ತು. ಹೇಳಿಬಿಡಬೇಕೆಂದೇ ಮಾವ ಬಾಯಿ ತೆರೆದಿದ್ದರು. ಅಷ್ಟರಲ್ಲಿ ಮೇಡಂ ಅವರೇ ಅಂದರು:

"ನಿಮ್ಮನ್ನ ಕೇಳೋದೇ ಬೇಡ ಬಿಡಿ. ನಿಮ್ಮ ಸ್ಟೋರಿಂದ ಚೀಟಿ ಇಲ್ದೆ ಒಂದು ಬಾಟಲಿ ಆಚೆ ಹೋಗೋದೂ ಒಂದೇ, ಸೂರ್ಯ ಪಶ್ಚಿಮದಲ್ಲಿ ಹುಟ್ಟೋದೂ ಒಂದೇ. ಅವಳೇ ಎಲ್ಲಿಂದಲೋ ತಂದಿರ್ಬೇಕು. ಇಷ್ಟು ಬೇಜವಾಬ್ದಾರಿ ಇದ್ರೆ ಕಷ್ಟ. ಸೋಮವಾರದಿಂದ ಬೇರೆಯವರನ್ನ ನೋಡೋಣ, ಅಲ್ವಾ?"

"ಹೂಂ" ಎಂದರು ಮಾವ.

ರಾತ್ರಿ ಊಟಕ್ಕೆ ಕೂತಾಗಲೂ ಆ ಒಂದು ಹೂಂ ಕಿವಿಯಲ್ಲೇ ಇತ್ತು. ಊರಿಗೆಲ್ಲ ಆಚಾರ ಹೇಳಿ ತಾನು ಬದನೆಕಾಯಿ ತಿಂದದ್ದಷ್ಟೇ ಅಲ್ಲ, ತೊಟ್ಟನ್ನು ಬಡವಳ ತಟ್ಟೆಗೆ ಹಾಕಿದ್ದರು.

ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದರು. ಅವಳು ದಿಂಬಿಗೆ ಒರಗಿ ಕೂತಿದ್ದಳು, ದನಿ ಒಡೆದುಹೋಗಿತ್ತು. ಅವರನ್ನು ಕಂಡು ಸೆರಗು ಸರಿಪಡಿಸಿಕೊಂಡು ಏಳಲು ನೋಡಿದಳು. ಅವರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಮೇಡಂ ಫೋನ್ ಮಾಡಿದ್ರು ಅಣ್ಣ. ಕ್ಯಾನು ಮನೆಯಿಂದ ನಾನೇ ತಂದಿದ್ದೆ ಅಂದ್ಬಿಟ್ಟೆ."

"ಯಾಕಮ್ಮ ಹಾಗಂದೆ?"

"ನಿಮ್ಮ ಹೆಸರು ಆ ಹಲಗೆ ಮೇಲೆ ಬಂದ್ರೆ ಚೆನ್ನಾಗಿರುತ್ತಾ? ತಪ್ಪು ನಂದೇ ಬಿಡಿ. ನಂಗೆ ಓದೋಕೆ ಬರಲ್ಲ ನಿಜ, ಆದ್ರೆ ಕೆಂಪು ಪಟ್ಟಿ ಕಾಣುತ್ತಲ್ಲ. ಹನ್ನೊಂದು ವರ್ಷದಲ್ಲಿ ಪಟ್ಟಿ ಇರೋ ಒಂದು ಬಾಟಲಿನೂ ಮುಟ್ಟಿಲ್ಲ. ಇದಕ್ಕೆ ಪಟ್ಟಿ ಇರ್ಲಿಲ್ಲ. ನೀವೇ ಕೊಟ್ಟಿದ್ದು ಬೇರೆ. ಅಪಾಯ ಇದ್ದಿದ್ರೆ ಅಣ್ಣ ಚೀಟಿ ಹಚ್ಚದೆ ಬಿಡ್ತಿದ್ರಾ ಅಂದ್ಕೊಂಡೆ."

ಹಣ್ಣಿನ ಚೀಲ ಕೈಯಲ್ಲಿ ಹಾಗೇ ಇತ್ತು. ಅದನ್ನು ಮಂಚದ ಮೇಲಿಟ್ಟು, ಅವಳ ಮುಖ ನೋಡಲಾರದೆ ಹೊರಟುಬಂದರು.

ನೇರ ಮುಖ್ಯಸ್ಥೆಯ ಕೋಣೆಗೆ ಹೋದರು. ಮೇಜಿನ ಕೆಳಗಿನ ಕ್ಯಾನನ್ನು ಎತ್ತಿ ಮೇಲಿಟ್ಟರು. ಜೇಬಿನಿಂದ ಚೀಟಿ ತೆಗೆದು, ನಿಂತಲ್ಲೇ ನಾಲ್ಕೂ ಸಾಲು ತುಂಬಿ, ಅವರ ಎದುರಿಗೇ ಕ್ಯಾನಿಗೆ ಅಂಟಿಸಿದರು. ನಾಲ್ಕನೆಯ ಸಾಲಿನಲ್ಲಿ ತಮ್ಮದೇ ಹೆಸರಿತ್ತು.

ಮೇಡಂ ಓದಿದರು.

"ನಿನ್ನೆ ಹೂಂ ಅಂದ್ರಲ್ಲ?"

"ಅಂದೆ ಮೇಡಂ. ಆಸಿಡ್ ಕೊಟ್ಟಿದ್ದಕ್ಕಿಂತ ಅದಕ್ಕೇ ಜಾಸ್ತಿ ನಾಚಿಕೆ ಆಗ್ತಿದೆ. ಅವಳ ಕೆಲಸ ತೆಗೀಬೇಡಿ. ತೆಗೆಯೋದಿದ್ರೆ ನನ್ನದು ತೆಗೀರಿ."

ಮೇಡಂ ಅಂದು ಇಬ್ಬರ ಕೆಲಸವನ್ನೂ ತೆಗೆಯಲಿಲ್ಲ. ಮಾವನಿಗೆ ಲಿಖಿತ ಎಚ್ಚರಿಕೆ ಕೊಟ್ಟರು, ಅವರ ಮೇಲಿದ್ದ ನಂಬಿಕೆಯನ್ನು ಮಾತ್ರ ಮಾತಿಲ್ಲದೆ ವಾಪಸು ತೆಗೆದುಕೊಂಡರು. ಮಾವ ಸ್ಟೋರಿಗೆ ಬಂದು ಹಲಗೆಯ ಮೇಲೆ ತಮ್ಮ ಹೆಸರು ಬರೆದು, ಪಕ್ಕದಲ್ಲಿ ಒಂದು ಕೆಂಪು ಪಟ್ಟಿ ಅಂಟಿಸಿದರು. ಹುಡುಗರು ಓದಿ ಸುಮ್ಮನೆ ಸರಿದುಹೋದರು. ಒಬ್ಬನಾದರೂ ನಕ್ಕಿದ್ದರೆ ಚೆನ್ನಾಗಿತ್ತು.

ಬುಧವಾರ ಅವಳು ಕೆಲಸಕ್ಕೆ ಬಂದಳು. ಒದ್ದೆ ಬಟ್ಟೆ ಹಿಡಿದು ಹಲಗೆಯ ಮುಂದೆ ನಿಂತಳು.

"ಇದೇನಣ್ಣ, ಹಲಗೆಗೂ ಪಟ್ಟಿ? ಯಾರ ಹೆಸರು?"

"ನಂದಮ್ಮ. ಒರೆಸ್ಬೇಡ, ಇನ್ನೆರಡು ದಿನ ಇರ್ಬೇಕು."

ಅವಳು ಪಟ್ಟಿಯನ್ನೂ ನೋಡಿದಳು, ಅವರನ್ನೂ ನೋಡಿದಳು.

"ನೀವೇನು ಅಷ್ಟು ಅಪಾಯದವರಲ್ಲ ಬಿಡಿ ಅಣ್ಣ" ಎಂದು ನಕ್ಕಳು. ನಗು ಕೆಮ್ಮಾಯಿತು. ಅದು ನಿಲ್ಲುವವರೆಗೂ ಮಾವ ನೀರಿನ ಲೋಟ ಹಿಡಿದುಕೊಂಡು, ತಲೆ ತಗ್ಗಿಸಿ ನಿಂತಿದ್ದರು.